ಅರಿವು ಕೇಂದ್ರದ ಕಂಪ್ಯೂಟರ್ ಮಕ್ಕಳ ಕೈಗೆ ಕೊಡಿ: ಪಂಚಾಯತ್ ರಾಜ್ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ, ಜೊತೆಗೆ ರಾಜ್ಯದ ಎಲ್ಲ ಗ್ರಾಮ ಪಂಚಾಯ್ತಿ ಅಧ್ಯಕ್ಷರಿಗೆ, ಪಿಡಿಒಗಳಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಲ್ಲಿ ಹೈಸ್ಕೂಲ್ ಕನ್ನಡ ಟೀಚರ್ ಆಗಿದ್ದು ರಿಟೈರ್ ಆದವಳು. ಈಗ ಸಂಜೆ ಹೊತ್ತು ನಮ್ಮ ಪಂಚಾಯ್ತಿಯ ಅರಿವು ಕೇಂದ್ರಕ್ಕೆ, ಅಂದ್ರೆ ಪಂಚಾಯ್ತಿ ಲೈಬ್ರರಿಗೆ ಹೋಗಿ ಮಕ್ಕಳ ಜೊತೆ ಕೂತ್ಕೋತೀನಿ. ಯಾರೂ ಕರೆದು ನೇಮಿಸಿದ್ದಲ್ಲ, ಮಕ್ಕಳ ಸಹವಾಸ ಬಿಟ್ಟಿರೋಕಾಗಲ್ಲ ಅಂತ ಹೋಗೋದು. ಕೇಳೋದು ಒಂದೇ ವಿಷಯ, ಸುತ್ತಿ ಬಳಸಿ ಹೇಳಲ್ಲ. ಅರಿವು ಕೇಂದ್ರಗಳಿಗೆ ನೀವು ಕೊಟ್ಟಿರೋ ಕಂಪ್ಯೂಟರಲ್ಲಿ ಮಕ್ಕಳು ಬರೀ ನೋಡೋದಲ್ಲ, ಏನಾದ್ರೂ ಮಾಡೋ ಹಾಗಾಗಬೇಕು, ಬರೀಬೇಕು, ರೆಕಾರ್ಡ್ ಮಾಡಬೇಕು, ಕಟ್ಟಬೇಕು, ಕೆಡಿಸಬೇಕು, ಮತ್ತೆ ಕಟ್ಟಬೇಕು.

ಮೊದಲು ಒಳ್ಳೇ ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಈ ಕೆಲಸದ ಮೇಲೆ ನನಗೆ ನಿಜವಾಗ್ಲೂ ಅಭಿಮಾನ ಇದೆ. 2019ರಲ್ಲಿ ಹಳ್ಳಿ ಲೈಬ್ರರಿಗಳು ನಿಮ್ಮ ಇಲಾಖೆಗೆ ಬಂದಾಗ ನಮ್ಮೂರಿನದು ಹೇಗಿತ್ತು ಅಂದ್ರೆ ಒಂದು ಬಾಗಿಲು, ಎರಡು ಪೇಪರು, ಮಳೆ ಬಂದ್ರೆ ಪುಸ್ತಕದ ಮೇಲೆ ಸೋರೋ ಹೆಂಚು, ಅಷ್ಟೇ. ಆಮೇಲೆ 2020ರ ನವೆಂಬರ್ 14ಕ್ಕೆ 'ಓದುವ ಬೆಳಕು' ಅಂತ ಶುರು ಮಾಡಿ ಮಕ್ಕಳಿಗೆಲ್ಲ ಫ್ರೀ ಮೆಂಬರ್‌ಶಿಪ್ ಕೊಟ್ರಿ. ಅದು ಕೋವಿಡ್ ಕಾಲ, ಸ್ಕೂಲ್ ಮುಚ್ಚಿತ್ತು, ಮೇಷ್ಟ್ರುಗಳೇ ಊರಿಗೆ ಬಂದು ಪಾಠ ಮಾಡೋ ವಿದ್ಯಾಗಮ ಆಗಸ್ಟಲ್ಲಿ ಶುರುವಾಗಿ ಅಕ್ಟೋಬರಲ್ಲಿ ನಿಂತಿತ್ತು, ಮಕ್ಕಳು ಹೊಲ ಗದ್ದೆ ಸುತ್ಕೊಂಡು ಅಕ್ಷರ ಮರೀತಾ ಇದ್ರು, ಆಗ ಆ ಒಂದು ಕೋಣೆ ಎಷ್ಟು ಮಕ್ಕಳನ್ನ ಹಿಡಿದಿಟ್ಕೊಳ್ತು ಅನ್ನೋದನ್ನ ಕಣ್ಣಾರೆ ನೋಡಿದವಳು ನಾನು. ಇವತ್ತು ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಪಂಚಾಯ್ತಿ ಲೈಬ್ರರಿಗಳಿವೆ. ಹಳ್ಳಿ ಮಕ್ಕಳಿಗೆ ಇಷ್ಟು ಹತ್ತಿರ ಇರೋ ಸರ್ಕಾರಿ ಜಾಗ ಸ್ಕೂಲು ಅಂಗನವಾಡಿ ಬಿಟ್ರೆ ಇನ್ನೊಂದಿಲ್ಲ.

ಈಗ ತೊಂದರೆ ಹೇಳ್ತೀನಿ. ನಮ್ಮ ಕೇಂದ್ರಕ್ಕೆ ಕಂಪ್ಯೂಟರ್ ಬಂತು, ಟಿವಿನೂ ಬಂತು. ಟಿವಿ ಗೋಡೆಗೆ ಹತ್ತಿತು, ಮಕ್ಕಳನ್ನ ಸಾಲಾಗಿ ಕೂರಿಸಿ ಪಾಠದ ವಿಡಿಯೋ ಹಾಕ್ತಾರೆ, ಫೋಟೋ ತೆಗೆದು ಗ್ರೂಪಿಗೆ ಕಳಿಸ್ತಾರೆ. ಕಂಪ್ಯೂಟರ್ ಮಾತ್ರ ಕವರ್ ಹೊದ್ದುಕೊಂಡು ಒಳಗಿನ ರೂಮಲ್ಲಿ ಬೀರು ಪಕ್ಕ ಕೂತಿತ್ತು, ಬೀಗದ ಕೈ ಒಬ್ಬರ ಹತ್ರ. ಕೇಳಿದ್ರೆ "ಮಕ್ಳು ಮುಟ್ಟಿದ್ರೆ ಹಾಳಾಗುತ್ತೆ ಮೇಡಂ, ಆಡಿಟ್‌ನಲ್ಲಿ ನಾವು ಉತ್ತರ ಕೊಡ್ಬೇಕು" ಅಂತಾರೆ. ಅವರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ವಸ್ತು ಹಾಳಾದ್ರೆ ನೋಟಿಸ್ ಬರುತ್ತೆ, ಯಾರೂ ಮುಟ್ಟದೆ ಧೂಳು ಹಿಡಿದ್ರೆ ಯಾವ ನೋಟಿಸೂ ಬರಲ್ಲ, ಹಾಗಿರುವಾಗ ಯಾರು ತಾನೇ ಬೀಗ ತೆಗೀತಾರೆ? ಇದನ್ನ ಸರಿ ಮಾಡೋದು ನಿಮ್ಮ ಕೈಲಿದೆ, ನಮ್ಮೂರಿನ ಮೇಲ್ವಿಚಾರಕರ ಕೈಲಿಲ್ಲ.

ಮಕ್ಕಳಿಗೆ ಇಂಟರ್ನೆಟ್ ಇಲ್ಲ ಅನ್ನೋ ಕಾಲ ಮುಗೀತು ಸರ್. ಹಳ್ಳಿ ಮಕ್ಕಳ ಕಲಿಕೆ ಬಗ್ಗೆ ಸರ್ವೆ ಮಾಡೋ ಅಸರ್ (ASER) ವರದಿ, 2024ರದು ನೋಡಿ, ದೇಶದ ಹಳ್ಳಿಗಳಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಸರ್ವೆ ಮಾಡಿದ ಹಿಂದಿನ ವಾರದಲ್ಲಿ ಓದಿಗೆ ಸಂಬಂಧಪಟ್ಟ ಏನಾದ್ರೂ ಕೆಲಸಕ್ಕೆ ಅದನ್ನ ಬಳಸಿದವರು ಶೇಕಡ 57, ಸೋಶಿಯಲ್ ಮೀಡಿಯಾಗೆ ಬಳಸಿದವರು ಶೇಕಡ 76. ಈ ಅಂಕಿ ನೋಡಿದ ತಕ್ಷಣ ಎಲ್ಲರೂ ಹೇಳೋದು ಒಂದೇ ಮಾತು, ಮೊಬೈಲ್ ಕಿತ್ಕೊಳ್ಳಿ. ಆಸ್ಟ್ರೇಲಿಯಾದವರು 16 ವರ್ಷದ ಒಳಗಿನವರಿಗೆ ಸೋಶಿಯಲ್ ಮೀಡಿಯಾ ಅಕೌಂಟೇ ಬೇಡ ಅಂತ ಕಾನೂನು ಮಾಡಿ 2025ರ ಡಿಸೆಂಬರ್‌ನಿಂದ ಜಾರಿಗೂ ತಂದ್ರು. ತಂದೆತಾಯಿಗಳ ಭಯ ನನಗೆ ಅರ್ಥ ಆಗುತ್ತೆ, ರಾತ್ರಿ ಹನ್ನೊಂದು ಗಂಟೆ ತನಕ ರೀಲ್ಸ್ ನೋಡಿ ಬೆಳಿಗ್ಗೆ ಫಸ್ಟ್ ಪೀರಿಯಡ್‌ನಲ್ಲಿ ತೂಕಡಿಸೋ ಮಕ್ಕಳಿಗೆ ಪಾಠ ಮಾಡಿದವಳು ನಾನು. ಆದ್ರೆ ಕಿತ್ಕೊಂಡ ಮೇಲೆ ಏನು ಕೊಡ್ತೀವಿ ಅನ್ನೋದಕ್ಕೆ ಯಾರ ಹತ್ರಾನೂ ಉತ್ತರ ಇಲ್ಲ. ಹಳ್ಳಿ ಮಗುಗೆ ಸಿಗೋದು ಅಪ್ಪನ ಫೋನು, ಅದೂ ಅಪ್ಪ ಕೆಲಸ ಮುಗಿಸಿ ಬಂದ ಮೇಲೆ ಅರ್ಧ ಗಂಟೆ, ಒಂದು ಗಂಟೆ. ಆ ಪುಟ್ಟ ಸ್ಕ್ರೀನಲ್ಲಿ, ಅಷ್ಟು ಕಮ್ಮಿ ಟೈಮಲ್ಲಿ ಬೆರಳಿಂದ ತಳ್ಳಿ ತಳ್ಳಿ ನೋಡೋದು ಬಿಟ್ಟು ಬೇರೆ ಏನು ಮಾಡೋಕಾಗುತ್ತೆ?

ಹಾಗಂತ ಮಕ್ಕಳು ಏನೂ ಮಾಡ್ತಿಲ್ಲ ಅಂದ್ಕೊಂಡ್ರೆ ಅದೂ ತಪ್ಪು. ನಮ್ಮಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಇದಾನೆ, ಹೆಸರು ಬೇಡ. ಕನ್ನಡ ಪೇಪರಲ್ಲಿ ಪಾಸಾಗೋದೇ ಕಷ್ಟ. ಊರಹಬ್ಬದಲ್ಲಿ ದೊಡ್ಡ ಮುಖವಾಡ ಹೊತ್ತು ಕುಣಿಯೋ ಸೋಮನ ಕುಣಿತ ಆದಾಗ ಮಾವನ ಫೋನಲ್ಲಿ ಶೂಟ್ ಮಾಡಿ ಒಂದು ನಿಮಿಷದ ವಿಡಿಯೋ ಮಾಡಿದ್ದ. ಸೋಮ ತಿರುಗೋವಾಗ ಸ್ಲೋ ಮಾಡಿದಾನೆ, ತಮಟೆ ಏಟಿಗೆ ಸರಿಯಾಗಿ ಚಿತ್ರ ಬದಲಾಗುತ್ತೆ, ನಡುವೆ ಒಂದು ಕಡೆ ಒಬ್ಬ ಅಜ್ಜಿ ಕೈಮುಗಿಯೋದು ಬರುತ್ತೆ, ಅಲ್ಲಿ ಪೂರ್ತಿ ಸೌಂಡೇ ತೆಗೆದುಬಿಟ್ಟಿದಾನೆ. ಯಾಕೋ ಅಲ್ಲಿ ಸೌಂಡ್ ತೆಗೆದೆ ಅಂತ ಕೇಳಿದೆ. "ತಮಟೆ ಇದ್ರೆ ಎಲ್ರೂ ಕುಣಿತಾನೇ ನೋಡ್ತಾರೆ ಮಿಸ್, ಅಜ್ಜಿ ಕಾಣ್ಸಲ್ಲ" ಅಂದ. ನಾನು ಅಷ್ಟು ವರ್ಷ ಪಾಠ ಮಾಡಿ ಪದ್ಯದಲ್ಲಿ ಕವಿ ಎಲ್ಲಿ ನಿಲ್ಲಿಸಿದಾನೆ ಯಾಕೆ ನಿಲ್ಲಿಸಿದಾನೆ ನೋಡ್ರೋ ಅಂತ ಬಡ್ಕೊಂಡಿದ್ದು ಇದನ್ನೇ ಅಲ್ವಾ? ಅದು ಇವನಿಗೆ ಬರುತ್ತೆ, ಯಾವ ಮೇಷ್ಟ್ರೂ ಹೇಳಿಕೊಡ್ಲಿಲ್ಲ, ಬೇರೆಯವರ ವಿಡಿಯೋ ನೋಡಿ ನೋಡಿ ಕೈ ಕುದುರಿಸಿಕೊಂಡಿದಾನೆ. ಇಂಟರ್ನೆಟ್ ಮಕ್ಕಳ ಸೃಜನಶೀಲತೆ ಕೊಲ್ಲುತ್ತೆ ಅಂತ ಭಾಷಣ ಮಾಡೋರಿಗೆ ಆ ಒಂದು ನಿಮಿಷದ ವಿಡಿಯೋ ತೋರಿಸಬೇಕು ಅನ್ಸುತ್ತೆ ನನಗೆ.

ಆದ್ರೆ ಮುಂದಿನದು ಕೇಳಿ. ಫೋನಲ್ಲಿ ಜಾಗ ಸಾಲಲ್ಲ ಅಂತ ಮಾವ ಒರಿಜಿನಲ್ ಎಲ್ಲ ಡಿಲೀಟ್ ಮಾಡಿದ್ರು. ಸೋಮನ ಮುಖ ಹೊರೋ ಮನೆತನ ಯಾವುದು, ಕೆಂಪು ಸೋಮ ಯಾಕೆ ಹಳದಿ ಸೋಮ ಯಾಕೆ, ಅದನ್ನ ಕೆತ್ತಿದ್ದು ಯಾರು, ಇದನ್ನೆಲ್ಲ ಕೇಳಿ ಬರೆದು ವಿಡಿಯೋಗೆ ಸೇರಿಸು ಅಂತ ಅವನಿಗೆ ಹೇಳೋರೂ ಇರಲಿಲ್ಲ, ಹೇಳಿದ್ರೂ ಕೂತು ಬರೆಯೋಕೆ ಜಾಗ ಇರಲಿಲ್ಲ. ಲೈಕ್ಸ್ ಬಂತು, ಎರಡು ದಿನಕ್ಕೆ ಎಲ್ಲರೂ ಮರೆತ್ರು. ಹುಡುಗನಲ್ಲಿ ಇರೋದು ಅಲ್ಲಿಗೇ ನಿಂತುಹೋಯ್ತು. ಬೇಕಿದ್ದಿದ್ದು ಒಂದು ದೊಡ್ಡ ಸ್ಕ್ರೀನು, ಒಂದು ಫೋಲ್ಡರು, ಪಕ್ಕದಲ್ಲಿ "ಮುಂದಕ್ಕೆ ಏನು ಮಾಡ್ತೀಯ" ಅಂತ ಕೇಳೋ ಒಬ್ಬರು. ಮೂರೂ ಅರಿವು ಕೇಂದ್ರದಲ್ಲೇ ಇದ್ವು, ಬೀಗ ಹಾಕಿದ ಬಾಗಿಲ ಹಿಂದೆ.

ಆಮೇಲೆ ನಮ್ಮ ಪಂಚಾಯ್ತಿಯವರು ಕಂಪ್ಯೂಟರ್ ಹೊರಗೆ ಇಡೋಕೆ ಒಪ್ಪಿದ್ರು, ಅದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳ್ಲೇಬೇಕು. ಅಲ್ಲಿಂದ ಈಚೆ ಆಗಿದ್ದರಲ್ಲಿ ಎರಡು ವಿಷಯ ಬಿಡಿಸಿ ಹೇಳ್ತೀನಿ, ಇಡೀ ರಾಜ್ಯಕ್ಕೆ ಉಪಯೋಗ ಆಗಬಹುದು ಅಂತ.

ಒಂದು, ಟೈಪಿಂಗು. ನಮ್ಮ ಮಕ್ಕಳು ಫೋನಲ್ಲಿ ಕನ್ನಡನ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯೋದು, ಕಂಪ್ಯೂಟರಲ್ಲಿ ಕನ್ನಡ ಬರೀಬಹುದು ಅನ್ನೋದೇ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡ್ ವಿನ್ಯಾಸ ಎಷ್ಟು ಸುಲಭ ಅಂದ್ರೆ ಕಾಗುಣಿತ ಬರೋ ಮಗುಗೆ ಒಂದು ಸಂಜೆ ಸಾಕು. ಎಂಟನೇ ಕ್ಲಾಸಿನ ಹುಡುಗಿಗೆ 'ಅಮ್ಮ' ಅಂತ ಹೊಡಿ ಅಂದೆ. ಎ ಒತ್ತಿದ್ಲು ಅ ಬಂತು, ಎಂ ಒತ್ತಿದ್ಲು ಮ ಬಂತು, ಇನ್ನೊಂದು ಎಂ ಒತ್ತಿದ್ರೆ 'ಅಮಮ' ಆಯ್ತು. ನಡುವೆ ಎಫ್ ಒತ್ತು ಅಂದೆ. ಒತ್ತಕ್ಷರ ಕೆಳಗೆ ಕೂತಾಗ ಅವಳ ಮುಖ ನೋಡ್ಬೇಕಿತ್ತು ನೀವು. ಆಮೇಲೆ ಹೇಳಿಕೊಡೋ ಅಗತ್ಯನೇ ಬೀಳ್ಲಿಲ್ಲ, ತಾನಾಗೇ 'ಲಕ್ಷ್ಮಿ' ಹೊಡೆದ್ಲು, 'ರಾಷ್ಟ್ರ' ಹೊಡೆದ್ಲು, ಒತ್ತಕ್ಷರ ಜಾಸ್ತಿ ಇರೋ ಪದ ಯಾವುದಿದೆ ಅಂತ ಹುಡುಕಿ ಹುಡುಕಿ ಹೊಡೆಯೋಕೆ ಶುರು ಮಾಡಿದ್ಲು, ಪಕ್ಕದ ಮಕ್ಕಳೂ ಕೂಗಿ ಕೂಗಿ ಪದ ಹೇಳ್ತಿದ್ರು. ನೋಟ್‌ಬುಕ್ಕಲ್ಲಿ ಒತ್ತಕ್ಷರ ತಪ್ಪು ಬರೆದು ಕೆಂಪು ಇಂಕು ತಿನ್ನೋ ಮಕ್ಕಳು ಇವರು.

ಅದೇ ಹುಡುಗಿ ಅವಳ ಅಜ್ಜಿ ಹತ್ರ ಕೂತು ಬೀಸೋ ಪದ ಹೇಳಿಸ್ಕೊಂಡು ಬರೆದು ತಂದು ಎರಡು ಪುಟ ಟೈಪ್ ಮಾಡಿದ್ಲು. ಬೆಂಗಳೂರಲ್ಲಿರೋ ಚಿಕ್ಕಮ್ಮನಿಗೆ ಕಳಿಸಿದ್ರೆ ಅಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ, ಗೀಟುಗಳ ರಾಶಿ, ಒಂದು ಕನ್ನಡ ಅಕ್ಷರ ಇಲ್ಲ. ಯಾಕಂದ್ರೆ ಆ ಕಂಪ್ಯೂಟರಿಗೆ ಯಾರೋ ಹಾಕಿಕೊಟ್ಟಿದ್ದು ಯೂನಿಕೋಡ್ (ಯಾವ ಕಂಪ್ಯೂಟರಲ್ಲೂ ಫೋನಲ್ಲೂ ಅದೇ ಅಕ್ಷರವಾಗಿ ಕಾಣೋ ಸಂಕೇತ) ಅಲ್ಲದ ಹಳೇ ಫಾಂಟು. ಅದು ಆ ಕಂಪ್ಯೂಟರಲ್ಲಿ, ಆ ಫಾಂಟಲ್ಲಿ ಮಾತ್ರ ಕನ್ನಡ, ಹೊರಗೆ ಹೋದ್ರೆ ಕಸ, ಗೂಗಲಲ್ಲಿ ಹುಡುಕಿದ್ರೂ ಸಿಗಲ್ಲ. ಹುಡುಗಿ ಅತ್ತೇಬಿಟ್ಲು. ಯೂನಿಕೋಡಲ್ಲಿ ಕನ್ನಡ 1991ರಿಂದ ಇದೆ ಸರ್, ಈಗ ಬರೋ ಪ್ರತಿ ಕಂಪ್ಯೂಟರಲ್ಲೂ ಪ್ರತಿ ಫೋನಲ್ಲೂ ಇದೆ, ಒಂದು ರೂಪಾಯಿ ಖರ್ಚಿಲ್ಲ. ಇಷ್ಟಾದ್ರೂ ಎಷ್ಟೋ ಆಫೀಸಲ್ಲಿ, ಲೈಬ್ರರಿಯಲ್ಲಿ ಹಳೇ ಫಾಂಟಲ್ಲೇ ಕೆಲಸ ನಡೀತಿದೆ. ದಯವಿಟ್ಟು ಒಂದು ಸುತ್ತೋಲೆ ಹೊರಡಿಸಿ, ಅರಿವು ಕೇಂದ್ರದ ಪ್ರತಿ ಕಂಪ್ಯೂಟರಲ್ಲೂ ಯೂನಿಕೋಡ್ ಕನ್ನಡ ಕೀಬೋರ್ಡ್ ಹಾಕಿರಬೇಕು, ಕೀ ಮೇಲೆ ಕನ್ನಡ ಸ್ಟಿಕ್ಕರ್ ಅಂಟಿಸಿರಬೇಕು ಅಂತ. ಇದಕ್ಕಿಂತ ಕಮ್ಮಿ ಖರ್ಚಲ್ಲಿ ಇದಕ್ಕಿಂತ ದೊಡ್ಡ ಕೆಲಸ ನನಗಂತೂ ಕಾಣ್ತಿಲ್ಲ.

ಎರಡನೇದು ಕಲ್ಲು. ನಮ್ಮೂರ ಗುಡಿ ಹಿಂದೆ ಒಂದು ವೀರಗಲ್ಲು ಇದೆ, ಅರ್ಧ ಮಣ್ಣಲ್ಲಿ ಹೂತಿದೆ, ಮಕ್ಕಳು ಅದರ ಮೇಲೆ ಕೂತು ಆಡ್ತಿದ್ರು. ಮೈಸೂರಿನ ಪುರಾತತ್ವ ಇಲಾಖೆ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನ ಅಚ್ಚು ಹಾಕಿಸಿದ್ರು, ತುಮಕೂರು ಜಿಲ್ಲೆದು ಹನ್ನೆರಡನೇ ಸಂಪುಟ, 1904ರದು. ಅದು ಇವತ್ತು ಇಂಟರ್ನೆಟ್ ಆರ್ಕೈವ್ ಅನ್ನೋ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗುತ್ತೆ. ಮಕ್ಕಳಿಗೆ ಅದನ್ನ ತೆಗೆದುಕೊಟ್ಟು, ತಾಲೂಕು ಹೆಸರು ಹಿಡಿದು ಹುಡುಕ್ರೋ ಅಂತ ಬಿಟ್ಟೆ. ಮೊದಲ ದಿನ ಏನೂ ಸಿಗಲಿಲ್ಲ, ಊರ ಹೆಸರಿನ ಸ್ಪೆಲ್ಲಿಂಗು ಬೇರೆ ಥರ ಇತ್ತು. ಎರಡನೇ ದಿನ ಸಿಕ್ತು. ನೂರಿಪ್ಪತ್ತು ವರ್ಷದ ಹಿಂದೆ ಯಾರೋ ತಮ್ಮೂರಿಗೆ ಬಂದು ಆ ಕಲ್ಲನ್ನ ಓದಿ ಬರ್ಕೊಂಡು ಹೋಗಿದಾರೆ, ಅದು ಪುಸ್ತಕದಲ್ಲಿದೆ, ದನ ಹಿಡ್ಕೊಂಡು ಹೋಗೋಕೆ ಬಂದವರ ಜೊತೆ ಹೋರಾಡಿ ಸತ್ತವನ ಕಲ್ಲು ಅದು ಅಂತ ಗೊತ್ತಾದಾಗ ಆ ಕೋಣೇಲಿ ಒಂದು ಕ್ಷಣ ಯಾರೂ ಮಾತಾಡ್ಲಿಲ್ಲ, ಆಮೇಲೆ ಎಲ್ಲ ಒಟ್ಟಿಗೆ ಎದ್ದು ಗುಡಿ ಹಿಂದಕ್ಕೆ ಓಡಿದ್ರು. ಮಣ್ಣು ತೆಗೆದ್ರು, ನೀರು ಹಾಕಿ ಬರೀ ಕೈಲೇ ತೊಳೆದ್ರು, ಗೀರಬಾರದು ಅಂತ ತಾವೇ ತೀರ್ಮಾನ ಮಾಡಿದ್ರು. ಇಳಿಬಿಸಿಲು ಅಡ್ಡ ಬಿದ್ದಾಗ ಅಕ್ಷರ ಎದ್ದು ಕಾಣುತ್ತೆ ಅನ್ನೋದನ್ನೂ ಅವರೇ ಕಂಡುಕೊಂಡಿದ್ದು. ಸೋಮನ ಕುಣಿತದ ಹುಡುಗ ಫೋಟೋ ತೆಗೆದ, ಒತ್ತಕ್ಷರದ ಹುಡುಗಿ ಊರಿನವರನ್ನೆಲ್ಲ ಮಾತಾಡಿಸಿ ಕಲ್ಲಿನ ಬಗ್ಗೆ ಯಾರ್ಯಾರು ಏನೇನು ಕಥೆ ಹೇಳ್ತಾರೆ ಅಂತ ಟೈಪ್ ಮಾಡಿದ್ಲು. ಒಬ್ಬೊಬ್ಬರದು ಒಂದೊಂದು ಕಥೆ, ಒಂದೂ ಪುಸ್ತಕದ ಜೊತೆ ತಾಳೆ ಆಗಲ್ಲ, ಹಾಗಿದ್ರೆ ಯಾವುದು ಸರಿ ಅಂತ ಮಕ್ಕಳ ನಡುವೆ ದೊಡ್ಡ ವಾದನೇ ಆಯ್ತು. ಬೆಂಗಳೂರಲ್ಲಿ ಇತಿಹಾಸ ಸಂಶೋಧನೆ ಮಾಡೋ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಿದಾರಲ್ಲ, ಅದನ್ನ ತೋರಿಸಿದೆ, ನಮ್ಮೂರಿಗೂ ಕರೆಸಿ ಮಿಸ್ ಅಂತ ಈಗ ದಿನಾ ಪ್ರಾಣ ತಿಂತಿದಾರೆ.

ಇದನ್ನೇ ಸ್ಕೂಲಿನ ಪ್ರಾಜೆಕ್ಟ್ ಜೊತೆ ಹೋಲಿಸಿ ನೋಡಿ. ನಮ್ಮ ರಾಜ್ಯದಲ್ಲಿ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂತ ವರ್ಷದ ನಡುನಡುವೆ ನಡೆಯೋ ಮೌಲ್ಯಮಾಪನಕ್ಕೆ ಮಕ್ಕಳು ಚಟುವಟಿಕೆ, ಪ್ರಾಜೆಕ್ಟ್ ಮಾಡಿಕೊಡಬೇಕು. ಏನಾಗುತ್ತೆ ಅಂದ್ರೆ ಮಗು ಜೆರಾಕ್ಸ್ ಅಂಗಡಿಗೆ ಹೋಗಿ "ಅಣ್ಣ, ಪರಿಸರ ಮಾಲಿನ್ಯ ಕೊಡಿ" ಅನ್ನುತ್ತೆ, ಅಣ್ಣ ನೆಟ್ಟಿಂದ ನಾಲ್ಕು ಪುಟ ಪ್ರಿಂಟ್ ತೆಗೆದು ಕೊಡ್ತಾರೆ, ಮಗು ಅದಕ್ಕೆ ಹೂವಿನ ಬಾರ್ಡರ್ ಬರೆದು ಸಬ್ಮಿಟ್ ಮಾಡುತ್ತೆ. ಒಂದು ಕ್ಲಾಸಲ್ಲಿ ಇಪ್ಪತ್ತು ಮಕ್ಕಳದು ಅಕ್ಷರ ಅಕ್ಷರ ಒಂದೇ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಜೆರಾಕ್ಸ್ ಅಂಗಡಿ ತನಕ ಹೋಗೋ ಕೆಲಸನೂ ಇಲ್ಲ, ಪ್ರಬಂಧ ಮನೇಲೇ ರೆಡಿ, ಚೆನ್ನಾಗೇ ಇರುತ್ತೆ, ಮಗುವಿನ ಒಂದು ಮಾತೂ ಅದರಲ್ಲಿರಲ್ಲ. ಇದಕ್ಕೆ ಮಕ್ಕಳನ್ನ ಬೈದು ಪ್ರಯೋಜನ ಇಲ್ಲ. ಎಲ್ಲಿ ಬೇಕಾದ್ರೂ ಸಿಗೋ ಉತ್ತರಾನೇ ನಾವು ಕೇಳ್ತಿದೀವಿ, ಅವರು ಎಲ್ಲಿಂದಲೋ ತಂದು ಕೊಡ್ತಿದಾರೆ. ಗುಡಿ ಹಿಂದಿನ ಕಲ್ಲಿನ ಬಗ್ಗೆ ಪಟೇಲರ ಮನೆ ಅಜ್ಜ ಏನಂದ್ರು ಅನ್ನೋದು ಯಾವ ಮೆಷಿನ್‌ಗೂ ಗೊತ್ತಿಲ್ಲ, ಅದನ್ನ ಮಗುನೇ ಹೋಗಿ ಕೇಳಬೇಕು. ಹಾಗಾಗಿ ಶಾಲಾ ಶಿಕ್ಷಣ ಇಲಾಖೆಯವರಿಗೂ ಇಲ್ಲೇ ಒಂದು ಮಾತು: ಅರಿವು ಕೇಂದ್ರದಲ್ಲಿ ಮಗು ತನ್ನ ಊರಿನ ಬಗ್ಗೆ ಮಾಡಿದ ಕೆಲಸ, ಅದು ವಿಡಿಯೋ ಆಗ್ಲಿ, ಆಡಿಯೋ ಆಗ್ಲಿ, ಟೈಪ್ ಮಾಡಿದ್ದಾಗ್ಲಿ, ಎಫ್‌ಎ ಚಟುವಟಿಕೆ ಅಂತ ಒಪ್ಪಿಕೊಳ್ಳಿ ಅಂತ ಮೇಷ್ಟ್ರುಗಳಿಗೆ ಹೇಳಿ. ಎರಡು ಇಲಾಖೆ ಕೂತು ಮಾತಾಡಿದ್ರೆ ಸಾಕು, ಹೊಸ ಯೋಜನೆ ಏನೂ ಬೇಡ.

ಕಂಪ್ಯೂಟರ್ ಇಟ್ಟುಬಿಟ್ರೆ ಮಕ್ಕಳು ತಾವೇ ಕಲೀತಾರೆ, ಮತ್ತೇನೂ ಬೇಡ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ಪೂರ್ತಿ ನಂಬಬೇಡಿ. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಶಿಕ್ಷಣ ಸಂಶೋಧಕ ಸುಗತ ಮಿತ್ರ ಅವರು ಸ್ಲಮ್ ಪಕ್ಕದ ಗೋಡೇಲಿ ತೂತು ಕೊರೆದು ಕಂಪ್ಯೂಟರ್ ಇಟ್ಟಿದ್ದು ಪ್ರಪಂಚಕ್ಕೆಲ್ಲ ಗೊತ್ತು. ಮಕ್ಕಳು ಯಾರ ಸಹಾಯನೂ ಇಲ್ಲದೆ ಮೌಸ್ ಹಿಡಿದ್ರು, ಇಂಟರ್ನೆಟ್ ನೋಡಿದ್ರು, ಅದು ನಿಜ. ಆದ್ರೆ ಉತ್ತರಾಖಂಡದ ಅಲ್ಮೋರಾ ಕಡೆ ಅಂಥದ್ದೇ ಇಟ್ಟಿದ್ದು ಕೆಲವು ವರ್ಷಕ್ಕೆ ಕೆಟ್ಟು ಮೂಲೆ ಸೇರಿತು, ನೋಡ್ಕೊಳ್ಳೋರು ಇರಲಿಲ್ಲ. ಮಕ್ಕಳಿಗೆ ಧೈರ್ಯ ತಾನಾಗೇ ಇರುತ್ತೆ, ಅದು ಮುಂದಕ್ಕೆ ಹೋಗ್ಬೇಕಂದ್ರೆ ಜೊತೇಲಿ ದೊಡ್ಡವರೊಬ್ಬರು ಇರಬೇಕು. ನಮ್ಮಲ್ಲಿ ಆ ದೊಡ್ಡವರು ಅಂದ್ರೆ ಲೈಬ್ರರಿ ಮೇಲ್ವಿಚಾರಕರು. ಅವರಿಗೆ ಪುಸ್ತಕ ಜೋಡಿಸೋದು, ರಿಜಿಸ್ಟರ್ ಬರೆಯೋದು ಹೇಳಿಕೊಟ್ಟಿದೀರಿ. ಕಂಪ್ಯೂಟರಲ್ಲಿ ಮಕ್ಕಳ ಕೈಲಿ ಏನೇನು ಮಾಡಿಸಬಹುದು ಅಂತಲೂ ಒಂದು ವಾರ ಕೂರಿಸಿ ಹೇಳಿಕೊಡಿ, ಆಡಿಯೋ ರೆಕಾರ್ಡ್ ಮಾಡೋದು, ಯೂನಿಕೋಡ್ ಟೈಪಿಂಗು, ಕನ್ನಡ ವಿಕಿಪೀಡಿಯ ತಿದ್ದೋದು, ಸ್ಕ್ರ್ಯಾಚ್. ಸ್ಕ್ರ್ಯಾಚ್ ಅಂದ್ರೆ ಅಮೆರಿಕದ ಎಂಐಟಿಯವರು 2007ರಲ್ಲಿ ಮಕ್ಕಳಿಗೇ ಅಂತ ಮಾಡಿದ್ದು, ಬಣ್ಣದ ತುಂಡು ಜೋಡಿಸಿ ಆಟ, ಕಥೆ ಎಲ್ಲ ಕಟ್ಟಬಹುದು, ಫ್ರೀ, ಒಂದು ಸಲ ಇನ್‌ಸ್ಟಾಲ್ ಮಾಡ್ಕೊಂಡ್ರೆ ನೆಟ್ ಇಲ್ಲದಿದ್ರೂ ನಡೆಯುತ್ತೆ, ವಾರಕ್ಕೆ ಎರಡು ದಿನ ನೆಟ್ ಹೋಗೋ ನಮ್ಮಂಥ ಊರಿಗೆ ಅದು ಮುಖ್ಯ. ಇಷ್ಟು ಕೆಲಸ ಹೇಳೋದಾದ್ರೆ ಅವರ ಸಂಬಳನೂ ಅದಕ್ಕೆ ತಕ್ಕ ಹಾಗಿರಬೇಕು, ಪ್ರತಿ ತಿಂಗಳು ಟೈಮಿಗೆ ಸರಿಯಾಗಿ ಬರಬೇಕು.

ದುಡ್ಡೆಲ್ಲಿದೆ ಅಂತೀರಾ? ಮನೆ ಕಂದಾಯದ ಜೊತೆ ನಾವು ಗ್ರಂಥಾಲಯ ಕರ ಕಟ್ತೀವಿ, ಕಂದಾಯದ ಪ್ರತಿ ರೂಪಾಯಿಗೆ 6 ಪೈಸೆ. ಆ ದುಡ್ಡು ಆಯಾ ಊರಿನ ಲೈಬ್ರರಿಗೆ ಎಷ್ಟು ಬಂತು ಯಾವುದಕ್ಕೆ ಖರ್ಚಾಯ್ತು ಅಂತ ಕೇಂದ್ರದ ಬಾಗಿಲಲ್ಲೇ ಬರೆದು ಹಾಕಲಿ. ಒಂದು ಮೈಕು, ಎರಡು ಹೆಡ್‌ಫೋನು, ಒಂದು ಹಾರ್ಡ್ ಡಿಸ್ಕಿಗೆ ಎಷ್ಟಾಗುತ್ತೆ?

ಹೆಣ್ಣುಮಕ್ಕಳ ಅಪ್ಪ ಅಮ್ಮ ಹೆದರ್ತಾರೆ, ಅದಕ್ಕೂ ಕಾರಣ ಇದೆ. ನಮ್ಮಲ್ಲಿ ಮಾಡಿರೋದು ಹೇಳ್ತೀನಿ. ಸ್ಕ್ರೀನು ಬಾಗಿಲ ಕಡೆಗೆ ಮುಖ ಮಾಡಿದೆ, ಒಳಗೆ ಬಂದವರಿಗೆಲ್ಲ ಕಾಣುತ್ತೆ. ಮಕ್ಕಳ ಮುಖ, ಹೆಸರು, ಫೋನ್ ನಂಬರ್ ಯಾವುದೂ ಹೊರಗೆ ಹೋಗಲ್ಲ, ಹೋಗೋದು ಅವರು ಮಾಡಿದ ಕೆಲಸ ಮಾತ್ರ. 2023ರ ಡೇಟಾ ಸಂರಕ್ಷಣೆ ಕಾಯ್ದೇಲಿ 18 ವರ್ಷದ ಒಳಗಿನವರ ಮಾಹಿತಿಗೆ ತಂದೆತಾಯಿ ಒಪ್ಪಿಗೆ ಬೇಕು ಅಂತಿದೆ. ಹಾಗಿರುವಾಗ ಪ್ರತಿ ಕಾರ್ಯಕ್ರಮಕ್ಕೂ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಎಲ್ಲ ಗ್ರೂಪಿಗೂ ಹಾಕೋ ಅಭ್ಯಾಸನೂ ನಿಲ್ಲಬೇಕು, ಆ ಫೋಟೋಗಳಿಂದ ಮಕ್ಕಳಿಗೇನೂ ಉಪಯೋಗ ಇಲ್ಲ. ಇಲಾಖೆಗೆ ವರದಿ ಬೇಕಂದ್ರೆ ಈ ತಿಂಗಳು ಮಕ್ಕಳು ಏನು ಮಾಡಿದ್ರು ಅಂತ ಕೇಳಿ, ಎಷ್ಟು ಜನ ಕೂತಿದ್ರು ಅಂತಲ್ಲ.

ಇನ್ನು ಟೈಮು. ಸ್ಕೂಲ್ ಬಿಡೋದು ನಾಲ್ಕೂವರೆ ಹತ್ರ ಹತ್ರ, ಮನೆಗೆ ಹೋಗಿ ಬ್ಯಾಗ್ ಇಟ್ಟು ಏನಾದ್ರೂ ತಿಂದು ಬರೋ ಹೊತ್ತಿಗೆ ಎಷ್ಟೋ ಊರಲ್ಲಿ ಲೈಬ್ರರಿ ಬಾಗಿಲು ಹಾಕಿರುತ್ತೆ. ಸಂಜೆ ಏಳರ ತನಕ ಮತ್ತೆ ಭಾನುವಾರ ಬೆಳಿಗ್ಗೆ ತೆಗೆದಿಟ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಕೊನೇದಾಗಿ, ಹಿಂದಿನ ಮಕ್ಕಳ ಗ್ರಾಮಸಭೇಲಿ ನಮ್ಮ ಮಕ್ಕಳು ಒಂದು ಅರ್ಜಿ ಕೊಟ್ಟಿದಾರೆ. ಅವರೇ ಟೈಪ್ ಮಾಡಿದ್ದು, ಯೂನಿಕೋಡಲ್ಲಿ, ನಾನು ಒಂದು ಅಕ್ಷರನೂ ತಿದ್ದಿಲ್ಲ. ಕೇಳಿರೋದು ನಾಲ್ಕು: ಸಂಜೆ ಏಳರ ತನಕ ಬಾಗಿಲು ತೆಗೆದಿರಬೇಕು, ಒಂದು ಮೈಕು ಬೇಕು, ಪ್ರತಿ ಮಗುಗೂ ಅದರದೇ ಫೋಲ್ಡರ್ ಇರಬೇಕು, ಕರೆಂಟ್ ಹೋದ್ರೆ ಬರೆದಿದ್ದೆಲ್ಲ ಹೋಗುತ್ತೆ ಅದಕ್ಕೆ ಯುಪಿಎಸ್ ಬೇಕು. ಅರ್ಜಿ ತಗೊಂಡಿದ್ದಕ್ಕೆ ಸೀಲ್ ಹಾಕಿ ಕೊಟ್ಟಿದಾರೆ, ಉತ್ತರ ಇನ್ನೂ ಬಂದಿಲ್ಲ. ಆಗುತ್ತೆ ಅಂತಾದ್ರೂ ಸರಿ, ಆಗಲ್ಲ ಯಾಕೆ ಅಂತಾದ್ರೂ ಸರಿ, ಆ ಮಕ್ಕಳ ಹೆಸರಿಗೇ ಬರಹದಲ್ಲಿ ಉತ್ತರ ಕೊಡೋಕೆ ಹೇಳಿ ಸರ್. ಬೇರೆ ಊರಿನ ಮಕ್ಕಳೂ ಹೀಗೆ ಅರ್ಜಿ ಕೊಟ್ಟಿರ್ತಾರೆ, ಅವರಿಗೂ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಟೀಚರ್
ತುಮಕೂರು ಜಿಲ್ಲೆ